ರೇಷ್ಮೆ ಹುಳು ಮನೆಗೆ ಬಾವಿ ನೀರಿನ ತಂಪು, ಗುಜರಿ ಲಾರಿ ರೇಡಿಯೇಟರ್ ಹಾಕಿ

ಶಿಡ್ಲಘಟ್ಟದ ಕಡೆ ಏಪ್ರಿಲ್‌ನಲ್ಲಿ ಬಿಳಿ ಗೂಡು (ದ್ವಿತಳಿ ರೇಷ್ಮೆ ಗೂಡು) ಎತ್ತೋದು ಸುಲಭ ಅಲ್ಲ ಅಂತ ರೇಷ್ಮೆ ಮಾಡೋರಿಗೆಲ್ಲ ಗೊತ್ತು. ಚಾಕಿ ಹುಳಕ್ಕೆ (ಮೊಟ್ಟೆ ಒಡೆದ ಮೊದಲ ದಿನಗಳ ಎಳೆ ಹುಳ) 26ರಿಂದ 28 ಡಿಗ್ರಿ, ತೇವಾಂಶ 80ರ ಮೇಲೆ ಬೇಕು, ದೊಡ್ಡ ಹುಳ ಆದ್ಮೇಲೆ 24ರಿಂದ 26 ಡಿಗ್ರಿ, ತೇವಾಂಶ 70ರ ಆಸುಪಾಸು ಸಾಕು. ನಮ್ದು ಸಿಮೆಂಟ್ ಶೀಟಿನ ಹುಳು ಮನೆ, 30 ಅಡಿ ಉದ್ದ 20 ಅಡಿ ಅಗಲ, ರೇಡಿಯೇಟರ್ ಹಾಕೋ ಮುಂಚಿನ ಬೇಸಿಗೇಲಿ ಮಧ್ಯಾಹ್ನ ಮೂರು ಗಂಟೆಗೆ ಒಳಗೇ 34 ತೋರಿಸ್ತಿತ್ತು. ಅಷ್ಟು ಶಾಖದಲ್ಲಿ ಹುಳ ಸೊಪ್ಪು ಮುಟ್ಟಲ್ಲ, ಹಾಸಿಗೆ ಅಂಚಿಗೆ ಬಂದು ತಲೆ ಎತ್ಕೊಂಡು ಕೂತಿರುತ್ತೆ, ಆಮೇಲೆ ಹುಳ ಮೆತ್ತಗಾಗಿ ಸಾಯೋ ಸಪ್ಪೆ ರೋಗ ಶುರುವಾದ್ರೆ ಹಣ್ಣಾಗೋ (ಗೂಡು ಕಟ್ಟೋಕೆ ತಯಾರಾಗೋ) ಹೊತ್ತಿಗೆ ಅರ್ಧ ಹುಳಾನೂ ಇರಲ್ಲ. ಅದಕ್ಕೇ ಬೇಸಿಗೆ ಬಂತು ಅಂದ್ರೆ ಊರಲ್ಲಿ ಬಹಳ ಜನ ಹಳದಿ ಗೂಡಿಗೆ ವಾಪಸ್ ಹೋಗ್ತಾರೆ, ಮಿಶ್ರತಳಿ ಸ್ವಲ್ಪ ತಡ್ಕೊಳ್ಳುತ್ತೆ, ರೇಟು ಮಾತ್ರ ಬಿಳಿ ಗೂಡಿಗೆ ಸಿಕ್ಕಿದಷ್ಟು ಸಿಗಲ್ಲ.

ಕೂಲರ್ ಇಡ್ಬಹುದಲ್ಲ ಅಂತ ಕೇಳ್ತೀರ. ನಮ್ಮಲ್ಲಿ ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟೋದು ಹಳೇ ಪದ್ಧತಿ, ಕೂಲರ್ ಮಾಡೋದೂ ಅದೇ ಕೆಲಸ, ಫ್ಯಾನ್ ಒಂದು ಜಾಸ್ತಿ. ನಿಜ ಹೇಳ್ಬೇಕಂದ್ರೆ ಒಣ ಏಪ್ರಿಲ್‌ನಲ್ಲಿ ಕೂಲರ್ ಚೆನ್ನಾಗೇ ಕೆಲಸ ಮಾಡುತ್ತೆ, ಹೊರಗೆ 36 ಡಿಗ್ರಿ, ತೇವಾಂಶ 28 ಇದ್ದಾಗ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರು 22ರ ಹತ್ರ ತೋರಿಸುತ್ತೆ, ಬಾವಿ ನೀರಿಗಿಂತಲೂ ತಂಪು ಅದು. ಆದ್ರೆ ಆ ತಂಪಿನ ಜೊತೆ ತೇವಾನೂ ಒಳಗೆ ಬರುತ್ತೆ. ಚಾಕಿಗೆ ಅದು ಒಳ್ಳೇದೇ, ಐದನೇ, ಅಂದ್ರೆ ಕೊನೇ ಹಂತದ ಹುಳಕ್ಕೆ ಅಲ್ಲ, ಯಾಕಂದ್ರೆ ಆಗ ದಿನಾ ರಾಶಿ ರಾಶಿ ಹಸಿ ಸೊಪ್ಪು ಬೀಳುತ್ತೆ, ಹಿಕ್ಕೆ ಬೀಳುತ್ತೆ, ಹಾಸಿಗೆ ಮೊದಲೇ ಒದ್ದೆ, ಅದರ ಮೇಲೆ ಕೂಲರ್ ಗಾಳಿ ಬಿಟ್ರೆ ಸುಣ್ಣಕಟ್ಟು ರೋಗಕ್ಕೆ (ಹುಳಾನ ಸುಣ್ಣದ ಥರ ಬೆಳ್ಳಗೆ ಗಟ್ಟಿ ಮಾಡೋ ಬೂಷ್ಟು) ನಾವೇ ಕರೆದು ಮಣೆ ಹಾಕಿದಂಗೆ. ಇನ್ನು ಮೇ ತಿಂಗಳಲ್ಲಿ ಒಂದೆರಡು ಮಳೆ ಬಿದ್ದು ಗಾಳೀಲೇ ತೇವ ಬಂತು ಅಂದ್ರೆ ಕೂಲರ್ ಬರೀ ಶಬ್ದ ಮಾಡುತ್ತೆ, ಅಷ್ಟೇ. ಎಸಿ ಹಾಕೋಣ ಅಂದ್ರೆ ಹುಳಕ್ಕೆ ಗಾಳಿ ಆಡ್ಬೇಕು, ಮುಚ್ಚಿಟ್ಟ ರೂಮಲ್ಲಿ ಸಾಕೋಕೆ ಆಗಲ್ಲ, ಕರೆಂಟ್ ಬಿಲ್ಲೂ ಕಟ್ಟೋಕಾಗಲ್ಲ.

ಹಾಗಾಗಿ ನೀರನ್ನ ಗಾಳಿಗೆ ಬೆರೆಸದೆ, ಪೈಪಲ್ಲೇ ಇಟ್ಟು, ಅದರ ತಂಪನ್ನ ಮಾತ್ರ ತಗೊಳೋದು ಹೇಗೆ ಅಂತ ಯೋಚನೆ ಶುರುವಾಯ್ತು. ನಮ್ಮ ಮುಕ್ಕಾಲು ಎಕರೆ ಹಿಪ್ಪುನೇರಳೆ ತೋಟಕ್ಕೆ ದಿನಾ ಆರೇಳು ಸಾವಿರ ಲೀಟರ್ ಡ್ರಿಪ್‌ನಲ್ಲಿ ಹೋಗ್ತಾನೇ ಇದೆ. ಆ ನೀರು ಹೆಂಗೂ ಬಾವಿಯಿಂದ ಮೇಲೆ ಬರಬೇಕು, ಹೆಂಗೂ ತೋಟಕ್ಕೆ ಹೋಗ್ಬೇಕು, ಮಧ್ಯದಲ್ಲಿ ಹುಳು ಮನೆ ಒಳಗೆ ಒಂದು ಸುತ್ತು ಹಾಕ್ಕೊಂಡು ಹೋದ್ರೆ ಏನು ಗಂಟು ಹೋಗುತ್ತೆ?

ಇದೇನು ನಾನು ಕಂಡು ಹಿಡಿದದ್ದಲ್ಲ. ಕೆನಡಾದ ಟೊರೊಂಟೊ ಊರಲ್ಲಿ 2004ರಿಂದ ಒಂಟಾರಿಯೊ ಸರೋವರದ 83 ಮೀಟರ್ ಆಳದಿಂದ 4 ಡಿಗ್ರಿ ನೀರು ಎಳೆದು ಅದರ ತಂಪಲ್ಲಿ ದೊಡ್ಡ ದೊಡ್ಡ ಬಿಲ್ಡಿಂಗ್ ತಣ್ಣಗಿಡ್ತಾರೆ, ಆಮೇಲೆ ಅದೇ ನೀರು ಊರಿನ ಕುಡಿಯೋ ನೀರಿನ ಲೈನಿಗೆ ಹೋಗುತ್ತೆ. ನೀರು ಹೆಂಗೂ ಊರಿಗೆ ಬೇಕಿತ್ತು, ದಾರೀಲಿ ತಂಪು ಇಳಿಸ್ಕೊಂಡ್ರು. ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿಯವರು 2000ದಲ್ಲೇ ಪಕ್ಕದ ಕಯೂಗ ಸರೋವರದ ನೀರಿಂದ ಕ್ಯಾಂಪಸ್ಸನ್ನ ತಂಪು ಮಾಡೋಕೆ ಶುರು ಮಾಡಿದ್ರು, ಆದ್ರೆ ಅವರು ನೀರನ್ನ ವಾಪಸ್ ಸರೋವರಕ್ಕೇ ಬಿಡ್ತಾರೆ. ಪ್ಯಾರಿಸ್‌ನಲ್ಲಿ ಸೀನ್ ನದಿ ನೀರು ಬಳಸೋ ತಂಪಿನ ಪೈಪ್‌ಲೈನ್ ಲೂವ್ರ್ ಮ್ಯೂಸಿಯಂ ತನಕ ಹೋಗಿದೆ. ನನಗೆ ಹಿಡಿಸಿದ್ದು ಟೊರೊಂಟೊ ಲೆಕ್ಕ, ನೀರು ಒಂದು, ಕೆಲಸ ಎರಡು.

ಆದ್ರೆ ಅವರಿಗೆ 4 ಡಿಗ್ರಿ ಹೆಂಗೆ ಸಿಗುತ್ತೆ ಅಂದ್ರೆ ನೀರು 4 ಡಿಗ್ರೀಲಿ ಎಲ್ಲಕ್ಕಿಂತ ಭಾರ, ಚಳಿಗಾಲದಲ್ಲಿ ತಣ್ಣಗಾದ ನೀರು ತಳಕ್ಕೆ ಇಳಿದು ಬೇಸಿಗೆ ಪೂರ್ತಿ ಅಲ್ಲೇ ಇರುತ್ತೆ. ನಮ್ಮೂರ ಕೆರೆ ಹತ್ತು ಹದಿನೈದು ಅಡಿ ಆಳ ಇದ್ರೆ ಹೆಚ್ಚು, ಚಳಿಗಾಲಾನೂ ಆ ಥರ ಇಲ್ಲ. ಹಾಗಾಗಿ ಏನೂ ಕೊಳ್ಳೋ ಮುಂಚೆ ಮಾರ್ಚ್ ಮೊದಲನೇ ವಾರ ಥರ್ಮಾಮೀಟರ್ ಹಿಡ್ಕೊಂಡು ಊರಲ್ಲಿ ಎಲ್ಲೆಲ್ಲಿ ನೀರಿದೆಯೋ ಅಲ್ಲೆಲ್ಲ ಅಳೆದೆ. ಡಿಎಸ್18ಬಿ20 ಅಂತ ಒಂದು ಸೆನ್ಸರ್ ಬರುತ್ತೆ, ಉದ್ದ ವೈರು, ತುದೀಲಿ ಸ್ಟೀಲ್ ಕಡ್ಡಿ, ನೀರಲ್ಲಿ ಮುಳುಗಿಸಬಹುದು, ನೂರೈವತ್ತು ಇನ್ನೂರು ರೂಪಾಯಿ. ಮೂರು ತರಿಸಿ, ಮೂರನ್ನೂ ಐಸ್ ಕಲಸಿದ ನೀರಲ್ಲಿ ಇಟ್ಟು ಸೊನ್ನೆ ತೋರಿಸ್ತಾವಾ ನೋಡಿ, ಒಂದು ಅರ್ಧ ಡಿಗ್ರಿ ಜಾಸ್ತಿ ತೋರಿಸ್ತಿತ್ತು, ಅದರ ಮೇಲೆ ಮಾರ್ಕರ್‌ನಲ್ಲಿ ಬರೆದಿಟ್ಟೆ. ಈ ಕೆಲಸದಲ್ಲಿ ಅರ್ಧ ಡಿಗ್ರಿಗೂ ಬೆಲೆ ಇದೆ, ಯಾಕೆ ಅಂತ ಮುಂದೆ ಹೇಳ್ತೀನಿ.

ಕೆರೆ ಅಂಚಲ್ಲಿ ಮಧ್ಯಾಹ್ನ 31. ಅದು ಆಗಲ್ಲ ಅಂತ ಮೊದಲೇ ಅನ್ನಿಸಿತ್ತು. ಬೋರ್‌ವೆಲ್ 1150 ಅಡಿ, ನೀರು ಮೇಲೆ ಬಂದಾಗ 29. ಇಲ್ಲಿ ಜನಕ್ಕೆ ಒಂದು ತಪ್ಪು ತಿಳುವಳಿಕೆ ಇದೆ, ಆಳಕ್ಕೆ ಹೋದಷ್ಟೂ ನೀರು ತಣ್ಣಗಿರುತ್ತೆ ಅಂತ. ನೆಲದ ಒಳಗೆ ಮೂವತ್ತು ನಲವತ್ತು ಅಡೀಲಿ ವರ್ಷ ಪೂರ್ತಿ ಹೆಚ್ಚು ಕಮ್ಮಿ ಒಂದೇ ಶಾಖ ಇರುತ್ತೆ, ಆ ಊರಿನ ವರ್ಷದ ಸರಾಸರಿ ಎಷ್ಟೋ ಅದರ ಹತ್ರ, ನಮ್ಮ ಕಡೆ 25ರ ಆಸುಪಾಸು. ಅಲ್ಲಿಂದ ಕೆಳಗೆ ಹೋದಂಗೆ ಭೂಮಿ ಬಿಸಿ ಆಗ್ತಾ ಹೋಗುತ್ತೆ. ಪಕ್ಕದ ಕೋಲಾರ ಜಿಲ್ಲೆ ಕೆಜಿಎಫ್‌ನಲ್ಲಿ ಕೆಲಸ ಮಾಡಿದೋರನ್ನ ಕೇಳಿ, ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರ್‌ಗಿಂತ ಆಳ, ತಳದಲ್ಲಿ ಬಂಡೆ 60 ಡಿಗ್ರಿ ಮೇಲೆ, ಆಳದ ಗಣಿಗೆ ಗಾಳೀನ ತಣ್ಣಗೆ ಮಾಡಿ ಇಳಿಸದೆ ಮನುಷ್ಯ ಕೆಲಸ ಮಾಡೋಕೇ ಆಗ್ತಿರಲಿಲ್ಲ. 2001ರಲ್ಲಿ ಗಣಿ ಮುಚ್ಚಿತು, ಬಂಡೆ ಶಾಖ ಹಂಗೇ ಇದೆ. ಅಂಥ ಬಂಡೆ ಸಂದಿಯಿಂದ ಬರೋ ಬೋರ್ ನೀರು ತಣ್ಣಗೆ ಬರ್ಬೇಕು ಅಂದ್ರೆ ಎಲ್ಲಿಂದ ಬರುತ್ತೆ.

ಉಳಿದಿದ್ದು ತಾತನ ಕಾಲದ ಕಪಿಲೆ ಬಾವಿ (ಎತ್ತು ಕಟ್ಟಿ ನೀರೆತ್ತೋ ತೆರೆದ ಬಾವಿ). ಕಲ್ಲು ಕಟ್ಟಿದ್ದು, 45 ಅಡಿ, 15 ಅಡಿ ಅಗಲ. ನಾನು ಚಿಕ್ಕೋನಿದ್ದಾಗಿಂದ ಒಣಗಿ ಕಸ ಹಾಕೋ ಗುಂಡಿ ಆಗಿತ್ತು, 2021ರ ನವೆಂಬರ್ ಮಳೆಗೆ ಕೆರೆ ಕೋಡಿ ಹೋಯ್ತಲ್ಲ, ಆಗ ಊಟೆ ಬಿಟ್ಕೊಂಡು ನೀರು ಬಂತು, ಹೂಳು ಎತ್ತಿಸಿದ್ವಿ, ಆವಾಗಿಂದ ಕೆರೇಲಿ ನೀರಿದ್ರೆ ಬಾವೀಲೂ ಇರುತ್ತೆ. ಸೆನ್ಸರ್ ಇಳಿಬಿಟ್ಟೆ: ನೀರಿನ ಮೇಲ್ಭಾಗ 27.8, ಹತ್ತಡಿ ಕೆಳಗೆ 25.1, ತಳದಲ್ಲೂ ಅದೇ 25.1. ಅಂದ್ರೆ ಪಂಪ್ ಎಲ್ಲಿ ಕೂರುತ್ತೆ ಅನ್ನೋದರ ಮೇಲೇ ಎರಡೂವರೆ ಡಿಗ್ರಿ ವ್ಯತ್ಯಾಸ. ತೇಲೋ ಮೋಟರ್ ಇಟ್ಟು ಮೇಲಿನ ನೀರು ಎತ್ತಿದ್ರೆ ಈ ಪ್ರಾಜೆಕ್ಟು ಅಲ್ಲಿಗೇ ಸತ್ತಂಗೆ.

25.1 ಡಿಗ್ರಿ ನೀರಲ್ಲಿ 24 ಡಿಗ್ರಿ ರೂಮ್ ಮಾಡೋಕಾಗಲ್ಲ, ಇದನ್ನ ಮೊದಲೇ ಒಪ್ಕೊಂಡು ಮುಂದಕ್ಕೆ ಹೋಗ್ಬೇಕು. ಬಾವೀಲಿದ್ರೆ ತಾನೆ ಬಿಂದಿಗೆಗೆ ಬರೋದು. ನನ್ನ ಗುರಿ 34 ಇದ್ದಿದ್ದನ್ನ 29ರ ಒಳಗೆ ತರೋದು, ರಾತ್ರಿ ಹೆಂಗೂ ಹೊರಗಿನ ಗಾಳಿ 22ಕ್ಕೆ ಇಳಿಯುತ್ತೆ, ಆಗ ಕಿಟಕಿ ತೆಗೆದು ಬಿಡೋದು.

ಮಾರ್ಚ್ ಎರಡನೇ ವಾರ ಛಾವಣಿ ಕೆಲಸ. ಇದು ನೀರಿನ ಕೆಲಸ ಅಲ್ಲ, ಆದ್ರೆ ಇದನ್ನ ಮಾಡದೆ ರೇಡಿಯೇಟರ್ ಹಾಕಿ ಪ್ರಯೋಜನ ಇಲ್ಲ. ಶೀಟ್ ಮೇಲೆ ಸುಣ್ಣಕ್ಕೆ ಫೆವಿಕಾಲ್ ಕಲಸಿ ಎರಡು ಕೋಟು, ಅದರ ಮೇಲೆ ತೆಂಗಿನ ಗರಿ, ಗಾಳಿಗೆ ಹಾರದಂಗೆ ಹಗ್ಗ. ಒಳಗಡೆ ಶೀಟಿಂದ ಒಂದಡಿ ಕೆಳಗೆ ತಂತಿ ಎಳೆದು ಥರ್ಮೋಕೋಲ್ ಹಾಳೆ ಕಟ್ಟಿದ್ವಿ, ಪಶ್ಚಿಮದ ಗೋಡೆಗೆ ಹೊರಗಿಂದ ಶೇಡ್ ನೆಟ್. ಇಷ್ಟಕ್ಕೇ ಮಧ್ಯಾಹ್ನದ ರೀಡಿಂಗು 31.5ಕ್ಕೆ ಬಂತು, ಒಂದು ಹನಿ ನೀರು ಖರ್ಚಾಗದೆ. ಯಾರಾದ್ರೂ ಕೈಲಿ ಕಾಸು ಕಮ್ಮಿ ಇದೆ, ಒಂದೇ ಕೆಲಸ ಮಾಡ್ಬೇಕು ಅಂದ್ರೆ ನಾನು ಇದನ್ನೇ ಹೇಳೋದು.

ಈಗ ನೀರಿನ ಲೆಕ್ಕ, ಇದು ಸಿಂಪಲ್. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿ ಆಗೋಕೆ 4.18 ಕಿಲೋಜೌಲ್ ಶಾಖ ನುಂಗುತ್ತೆ. ನಿಮಿಷಕ್ಕೆ 20 ಲೀಟರ್ ಬಿಟ್ಟು, ಆ ನೀರು ರೂಮಲ್ಲಿ ಎರಡೂವರೆ ಡಿಗ್ರಿ ಬಿಸಿಯಾಗಿ ಹೊರಗೆ ಹೋದ್ರೆ, 20ನ್ನ 60ರಿಂದ ಭಾಗಿಸಿ, 4.18ರಿಂದ ಗುಣಿಸಿ, 2.5ರಿಂದ ಗುಣಿಸಿದ್ರೆ ಸುಮಾರು 3.5 ಕಿಲೋವ್ಯಾಟ್. ಒಂದು ಟನ್ ಎಸಿ ಅಂತೀವಲ್ಲ, ಅದು ತೆಗೆಯೋ ಶಾಖಾನೂ 3.5 ಕಿಲೋವ್ಯಾಟೇ. ಹನ್ನೆರಡರಿಂದ ಐದು ಗಂಟೆ ತನಕ ಬಿಟ್ರೆ 6 ಸಾವಿರ ಲೀಟರ್, ಹತ್ತತ್ರ ತೋಟಕ್ಕೆ ಹೋಗೋ ನೀರಿನಷ್ಟೇ. ಈ ಎರಡು ಲೆಕ್ಕ ಕೂಡಿ ಬಂದಿದ್ದಕ್ಕೇ ನಾನು ಕೈ ಹಾಕಿದ್ದು. ಅರ್ಧ ಡಿಗ್ರಿಗೂ ಬೆಲೆ ಅಂದಿದ್ದು ಇದಕ್ಕೇ, ಇರೋದೇ ಎರಡೂವರೆ ಡಿಗ್ರಿ ಬಂಡವಾಳ, ದಾರೀಲಿ ಅರ್ಧ ಕಳೆದ್ರೆ ಐದರಲ್ಲಿ ಒಂದು ಪಾಲು ಹೋಯ್ತು.

ಇಷ್ಟು ಕಮ್ಮಿ ವ್ಯತ್ಯಾಸದಲ್ಲಿ ಗಾಳಿಯಿಂದ ನೀರಿಗೆ ಶಾಖ ದಾಟ್ಬೇಕು ಅಂದ್ರೆ ದೊಡ್ಡ ರೇಡಿಯೇಟರ್ ಬೇಕು, ಕಾರಿಂದು ಸಾಲಲ್ಲ. ಚಿಂತಾಮಣಿ ಗುಜರಿಗೆ ಹೋದೆ. ಹಳೇ ಲಾರಿಗಳ ತಾಮ್ರ ಹಿತ್ತಾಳೆ ರೇಡಿಯೇಟರ್ ಒಳ್ಳೇದೇ, ಆದ್ರೆ ಅವನ್ನ ತಾಮ್ರದ ರೇಟಲ್ಲಿ ತೂಕಕ್ಕೆ ಹಾಕ್ತಾರೆ, ಒಂದಕ್ಕೇ ಎಂಟು ಹತ್ತು ಸಾವಿರ ಆಗುತ್ತೆ. ಈಚಿನ ಲಾರಿಗಳದ್ದು ಅಲ್ಯೂಮಿನಿಯಂ, ಎರಡೂ ಕಡೆ ಪ್ಲಾಸ್ಟಿಕ್ ಟ್ಯಾಂಕು, ಅಂಥವು ಎರಡು 4,600 ರೂಪಾಯಿಗೆ ಸಿಕ್ತು. ಪಕ್ಕದಲ್ಲೇ ರೇಡಿಯೇಟರ್ ರಿಪೇರಿ ಅಂಗಡಿ, ಲೀಕ್ ಟೆಸ್ಟ್ ಮಾಡಿಸೋಣ ಅಂತ ಇಳಿಸಿದ್ರೆ,

"ಯಾವ್ ಗಾಡಿದಣ್ಣ ಇದು?"

"ಗಾಡೀದಲ್ಲ ಭಾಯ್, ರೇಷ್ಮೆ ಹುಳದ ಮನೆಗೆ."

ಆತ ಒಂದು ಸಲ ನನ್ನ ಮುಖ ನೋಡಿ ಮತ್ತೆ ರೇಡಿಯೇಟರ್ ನೋಡಿ ನಕ್ಕ, ಆಮೇಲೆ ಪೂರ್ತಿ ಕಥೆ ಕೇಳಿ ಸೀರಿಯಸ್ಸಾಗಿ ಒಂದು ಮಾತು ಹೇಳ್ದ. "ಡ್ರಿಪ್ ಮೋಟ್ರು ಇದಕ್ಕೆ ಡೈರೆಕ್ಟಾಗಿ ಕೊಡ್ಬೇಡಣ್ಣ. ಕ್ಯಾಪ್ ಮೇಲೆ ಬರೆದವ್ರೆ ನೋಡು, ಅಷ್ಟೇ ಅದರ ತಾಕತ್ತು. ಜಾಸ್ತಿ ಆದ್ರೆ ಈ ಪ್ಲಾಸ್ಟಿಕ್ ಟ್ಯಾಂಕು ಕಿತ್ಕೊಂಡು ಬರುತ್ತೆ." ಕ್ಯಾಪ್ ಮೇಲೆ 0.9 ಬಾರ್ ಅಂತಿತ್ತು. ಡ್ರಿಪ್‌ಗೆ ಒಂದರಿಂದ ಎರಡು ಬಾರ್ ಪ್ರೆಶರ್ ಬೇಕು. ನೀರಿನ ತೊಟ್ಟೀಲಿ ಮುಳುಗಿಸಿ ಗಾಳಿ ಬಿಟ್ಟು ನೋಡ್ದ, ಒಂದರಲ್ಲಿ ಎರಡು ಕೊಳವೆ ಗುಳ್ಳೆ ಬಿಡ್ತಿದ್ವು, ಮುಚ್ಚಿ ಕೊಟ್ಟ.

ಈ ಪ್ರೆಶರ್ ವಿಷಯದಿಂದ ಪೂರ್ತಿ ಲೈನು ತೀರ್ಮಾನ ಆಯ್ತು. ಬಾವಿ ಪಕ್ಕ ಎತ್ತರದಲ್ಲಿ ತಾತನ ಕಾಲದ್ದೇ ಕಲ್ಲಿನ ತೊಟ್ಟಿ ಇದೆ, ಹತ್ತು ಸಾವಿರ ಲೀಟರ್. ಬೆಳಿಗ್ಗೆ ತ್ರೀ ಫೇಸ್ ಬಂದಾಗ ಸಬ್‌ಮರ್ಸಿಬಲ್ ಆ ತೊಟ್ಟಿ ತುಂಬಿಸುತ್ತೆ. ಅಲ್ಲಿಂದ ನೀರು ತನ್ನ ಪಾಡಿಗೆ ಇಳಿಜಾರಲ್ಲಿ ಹುಳು ಮನೆಗೆ ಬಂದು, ಎರಡು ರೇಡಿಯೇಟರ್ ದಾಟಿ, ಆಚೆ ಕಡೆ ನೆಲದ ಮಟ್ಟದಲ್ಲಿರೋ ಸಿಮೆಂಟ್ ತೊಟ್ಟಿಗೆ ಬೀಳುತ್ತೆ. ಸಂಜೆ ಅಲ್ಲಿಂದ 1 ಎಚ್‌ಪಿ ಸಿಂಗಲ್ ಫೇಸ್ ಮೋಟ್ರು ಡ್ರಿಪ್‌ಗೆ ತಳ್ಳುತ್ತೆ. ಮೇಲಿನ ತೊಟ್ಟಿ ನೀರು ರೇಡಿಯೇಟರ್‌ಗಿಂತ ಎಂಟು ಅಡಿ ಮೇಲೆ, ಅಂದ್ರೆ ಕಾಲು ಬಾರ್ ಪ್ರೆಶರ್, ಏನೂ ಭಯ ಇಲ್ಲ. ಇದರಿಂದ ಇನ್ನೊಂದು ಅನುಕೂಲ, ಮಧ್ಯಾಹ್ನ ತ್ರೀ ಫೇಸ್ ಇರಲಿ ಬಿಡಲಿ ನೀರು ಹರೀತಿರುತ್ತೆ, ಫ್ಯಾನಿಗೆ ಸಿಂಗಲ್ ಫೇಸ್ ಇದ್ರೆ ಸಾಕು.

ಪೈಪ್ ಬಗ್ಗೆ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಇದನ್ನ ಯಾರೂ ತಲೆಗೆ ಹಾಕ್ಕೊಳಲ್ಲ. ತೊಟ್ಟಿಯಿಂದ ಹುಳು ಮನೆಗೆ 60 ಮೀಟರ್. ಲೈನ್ ಎಳೆಯೋ ಮುಂಚೆ, ತೋಟದಲ್ಲಿ ಬಿದ್ದಿದ್ದ 63 ಎಂಎಂ ಕಪ್ಪು ಪೈಪನ್ನೇ ನೆಲದ ಮೇಲೆ ಹಾಸಿ ಮಧ್ಯಾಹ್ನ ಒಂದು ಗಂಟೆಗೆ ನೀರು ಬಿಟ್ಟು ಎರಡೂ ತುದಿ ಅಳೆದೆ, ಆ ತುದೀಲಿ 25.4 ಹೋಗಿದ್ದು ಈ ತುದೀಲಿ 27.2 ಬಂತು. ಬಿಸಿಲಿಗೆ ಬಿದ್ದಿರೋ ಅಷ್ಟು ಉದ್ದದ ಕಪ್ಪು ಪೈಪು ಎರಡೂವರೆ ಮೂರು ಕಿಲೋವ್ಯಾಟ್ ಶಾಖ ಕುಡಿಯುತ್ತೆ, ಅಂದ್ರೆ ರೂಮಿಂದ ನಾನು ತೆಗೀಬೇಕು ಅಂದ್ಕೊಂಡಿದ್ದ ಶಾಖಕ್ಕೆ ಹೆಚ್ಚು ಕಮ್ಮಿ ಸಮ! ಹಾಗಾಗಿ ಜೆಸಿಬಿ ಕರೆಸದೆ ಇಬ್ರು ಆಳು ಹಿಡಿದು ಒಂದೂವರೆ ಅಡಿ ಕಾಲುವೆ ತೋಡಿಸಿ ಪಿವಿಸಿ ಪೈಪ್ ಹೂತಾಕಿದ್ವಿ, ಹೂತ ಮೇಲೆ ಅದೇ ಹೊತ್ತಲ್ಲಿ ವ್ಯತ್ಯಾಸ 0.2. ಮೇಲಿನ ಕಲ್ಲು ತೊಟ್ಟಿಗೂ ಬಿದಿರು ಗಳ ಅಡ್ಡ ಹಾಕಿ ಗರಿ ಮುಚ್ಚಿದ್ವಿ. ಈ ಕೆಲಸಕ್ಕೆ ಕಪ್ಪು ಸಿಂಟೆಕ್ಸ್ ಟ್ಯಾಂಕ್ ಬೇಡವೇ ಬೇಡ, ನಮ್ಮ ಮನೆ ಮೇಲಿನ ಟ್ಯಾಂಕ್ ನೀರಲ್ಲಿ ಏಪ್ರಿಲ್ ಮಧ್ಯಾಹ್ನ ಕೈ ತೊಳೆದೋರಿಗೆ ಹೇಳೋದೇನೂ ಬೇಕಿಲ್ಲ.

ರೇಡಿಯೇಟರ್ ಕೂರಿಸೋದು ಮಾರ್ಚ್ ಕೊನೇಲಿ. ಮೊದಲು ತೊಳೆಯೋದು. ಒಳಗೆ ಹಳೇ ಕೂಲಂಟ್ ಇರುತ್ತೆ, ಅದು ವಿಷ, ಈ ನೀರು ಸೊಪ್ಪಿನ ತೋಟಕ್ಕೆ ಹೋಗುತ್ತೆ, ಆ ಸೊಪ್ಪನ್ನ ಹುಳ ತಿನ್ನುತ್ತೆ, ಹಾಗಾಗಿ ಬಿಸಿ ನೀರು ಸೋಪು ಹಾಕಿ ತೊಳೆದು, ಬಣ್ಣ ಹೋಗಿ ನೊರೆ ಹೋಗೋ ತನಕ ನೀರು ಬಿಟ್ಟು, ಆಮೇಲೂ ಒಂದು ದಿನ ಪೂರ್ತಿ ನೀರನ್ನ ತೋಟಕ್ಕೆ ಬಿಡದೆ ಆಚೆ ಹರಿಸಿದ್ದು. ಹೊರಗಿನ ಫಿನ್ (ತೆಳು ತಗಡಿನ ಪಟ್ಟಿ) ಮೇಲೆ ಡೀಸೆಲ್, ಗ್ರೀಸು ಅಂಟಿರುತ್ತೆ, ಅದರ ವಾಸನೆ ಹುಳು ಮನೇಲಿ ಇರಬಾರದು. ಅಮ್ಮ ಮೂಗು ಹತ್ರ ಇಟ್ಟು ಮೂಸಿ "ಇನ್ನಾ ವಾಸನೆ ಐತೆ, ಎತ್ಕೊಂಡೋಗು" ಅಂತ ವಾಪಸ್ ಕಳಿಸಿದ್ದುಂಟು. ಹುಳು ಮನೆ ಒಳಗೆ ಅವರದ್ದೇ ರಾಜ್ಯ, ಬೀಡಿ ಸೇದಿದ ಕೈಯಲ್ಲಿ ಯಾರೂ ಒಳಗೆ ಕಾಲಿಡೋ ಹಂಗಿಲ್ಲ.

ಎರಡು ರೇಡಿಯೇಟರ್, ಎರಡು ಉದ್ದದ ಗೋಡೆಗೆ ಒಂದೊಂದು, ಏಳು ಅಡಿ ಎತ್ತರದಲ್ಲಿ, ಬಿಸಿ ಗಾಳಿ ನಿಲ್ಲೋದು ಮೇಲೆ ತಾನೆ. ಒಂದೊಂದರ ಹಿಂದೆ 18 ಇಂಚಿನ ಎಕ್ಸಾಸ್ಟ್ ಫ್ಯಾನು, 900 ಆರ್‌ಪಿಎಂದು. 1400 ಆರ್‌ಪಿಎಂದು ಗಾಳಿ ಜಾಸ್ತಿ ಎಳೆಯುತ್ತೆ ನಿಜ, ಆದ್ರೆ ಆ ಶಬ್ದದಲ್ಲಿ ಒಳಗೆ ಸೊಪ್ಪು ಹಾಕೋರು ಮಾತಾಡೋಕಾಗಲ್ಲ, ಗಾಳಿ ರಭಸಕ್ಕೆ ಸೊಪ್ಪೂ ಬೇಗ ಬಾಡುತ್ತೆ. ಫ್ಯಾನು ರೇಡಿಯೇಟರ್ ಮಧ್ಯ ಸಂದಿ ಇದ್ರೆ ಗಾಳಿ ಫಿನ್ ಒಳಗೆ ಹೋಗದೆ ಸಂದೀಲಿ ನುಸುಳುತ್ತೆ, ಅದಕ್ಕೆ ಪ್ಲೈವುಡ್ ಬಾಕ್ಸ್ ಮಾಡಿ, ಸುತ್ತ ಹಳೇ ಫ್ಲೆಕ್ಸ್ ಮಡಿಸಿ ಮಡಿಸಿ ತುಂಬಿದ್ವಿ (ಎಲೆಕ್ಷನ್ ಮುಗಿದ ಮೇಲೆ ಊರಲ್ಲಿ ಫ್ಲೆಕ್ಸಿಗೇನು ಬರ, ಒಂದು ರೇಡಿಯೇಟರ್ ಸುತ್ತ ಒಂದು ಪಾರ್ಟಿ, ಇನ್ನೊಂದರ ಸುತ್ತ ಇನ್ನೊಂದು). ಫ್ಯಾನ್ ಬಾಯಿ ಹುಳದ ಕಡೆ ಅಲ್ಲ, ಗೋಡೆ ಉದ್ದಕ್ಕೆ ಸ್ವಲ್ಪ ಮೇಲ್ಮುಖ. ತಂಪು ಗಾಳಿ ಹೆಂಗೂ ಕೆಳಗೆ ಇಳಿಯುತ್ತೆ. ಕಿಟಕಿಗೆ ಉಜಿ ನೊಣದ (ರೇಷ್ಮೆ ಹುಳದ ಮೇಲೆ ಮೊಟ್ಟೆ ಇಟ್ಟು ಕೊಲ್ಲೋ ನೊಣ) ಬಲೆ ಮೊದಲಿಂದ ಇತ್ತು, ಅದನ್ನ ಮುಟ್ಟಲಿಲ್ಲ, ಪೈಪ್ ಒಳಗೆ ಬರೋ ತೂತಿನ ಸುತ್ತ ಸಿಮೆಂಟ್ ಮೆತ್ತಿದ್ವಿ, ಉಜಿ ನೊಣಕ್ಕೆ ಅಷ್ಟು ಜಾಗ ಸಾಕು.

ನೀರನ್ನ ಎರಡಕ್ಕೂ ಬೇರೆ ಬೇರೆ ಕವಲು ಮಾಡಿ ಕೊಟ್ಟೆ, ಒಂದರಿಂದ ಇನ್ನೊಂದಕ್ಕೆ ಅಲ್ಲ. ಒಂದರ ಹಿಂದೆ ಒಂದು ಕೊಟ್ರೆ ಎರಡನೇದಕ್ಕೆ ಬಿಸಿಯಾದ ನೀರೇ ಸಿಗೋದು. ಫಿಟಿಂಗ್ ಎಲ್ಲ ಪ್ಲಾಸ್ಟಿಕ್, ಅಲ್ಯೂಮಿನಿಯಂ ಪಕ್ಕ ಹಿತ್ತಾಳೆ ಹಾಕಿದ್ರೆ ನೀರಲ್ಲಿ ಅಲ್ಯೂಮಿನಿಯಂ ಬೇಗ ಕೊರೆದು ಹೋಗುತ್ತೆ. ಇಳಿಜಾರು ನೀರಿನ ಲೈನಲ್ಲಿ ದೊಡ್ಡ ಕಾಟ ಗಾಳಿ, ಎತ್ತರದ ಜಾಗದಲ್ಲಿ ಗಾಳಿ ಸೇರಿಕೊಂಡ್ರೆ ನೀರು ಅಲ್ಲೇ ನಿಲ್ಲುತ್ತೆ, ರೇಡಿಯೇಟರ್ ಎರಡೂ ಲೈನಲ್ಲಿ ಎತ್ತರದ ಜಾಗದಲ್ಲೇ ಇರೋದು. ಅದಕ್ಕೆ ಕ್ಯಾಪ್ ತೆಗೆದು ಆ ಜಾಗದಲ್ಲಿ ಅರ್ಧ ಇಂಚು ಪೈಪ್ ನೆಟ್ಟಗೆ ನಿಲ್ಲಿಸಿ, ಮೇಲಿನ ತೊಟ್ಟಿ ನೀರಿನ ಮಟ್ಟಕ್ಕಿಂತ ಒಂದಡಿ ಮೇಲಕ್ಕೆ ಎತ್ತಿ ಬಾಯಿ ತೆರೆದು ಬಿಟ್ಟೆ, ಗಾಳಿ ತಾನಾಗೇ ಹೋಗುತ್ತೆ, ನೀರು ಚೆಲ್ಲಲ್ಲ. ಫ್ಲೋ ಸೆಟ್ ಮಾಡೋಕೆ ಮೀಟರ್ ಗೀಟರ್ ಏನೂ ಇಲ್ಲ, 20 ಲೀಟರ್ ಬಕೆಟ್ ಹೊರಗಿನ ಬಾಯಿಗೆ ಹಿಡಿದು ಮೊಬೈಲಲ್ಲಿ ಒಂದು ನಿಮಿಷ ನೋಡಿ, ಅಷ್ಟರಲ್ಲಿ ತುಂಬೋ ಹಂಗೆ ಬಾಲ್ ವಾಲ್ವ್ ತಿರುಗಿಸಿ, ಹಿಡಿ ಮೇಲೆ ಪೇಂಟಲ್ಲಿ ಗೆರೆ ಎಳೆದೆ.

ಏಪ್ರಿಲ್ ಬೆಳೇಲಿ ಮೂರನೇ ಜ್ವರ (ಪೊರೆ ಬಿಡೋದು) ಎದ್ದ ಮೇಲೆ ಓಡಿಸೋಕೆ ಶುರು. ಒಂದು ಸುಡು ಮಧ್ಯಾಹ್ನದ ಲೆಕ್ಕ ಕೊಡ್ತೀನಿ, ಮೂರು ಗಂಟೆ, ಹೊರಗೆ 36.5, ಒಳಗೆ ಹುಳದ ಸ್ಟ್ಯಾಂಡಿನ ಮಧ್ಯದ ಅಂತಸ್ತಲ್ಲಿ 28.6, ತೇವಾಂಶ 62. ರೇಡಿಯೇಟರ್‌ಗೆ ಹೋಗೋ ನೀರು 25.6, ಹೊರಗೆ ಬರೋದು 27.9. ವ್ಯತ್ಯಾಸ 2.3, ಅಂದ್ರೆ 3.2 ಕಿಲೋವ್ಯಾಟ್, ಒಂದು ಟನ್ ಎಸಿಗೆ ಸ್ವಲ್ಪ ಕಮ್ಮಿ. ಫ್ಯಾನ್ ಎರಡೂ ಸೇರಿ 260 ವ್ಯಾಟ್ ತಿನ್ನುತ್ತೆ, ನೀರೆತ್ತೋ ಖರ್ಚು ಹೆಂಗೂ ತೋಟದ್ದು. ಸ್ಟ್ಯಾಂಡಿನ ಮೇಲಿನ ಅಂತಸ್ತಲ್ಲಿ 29.4, ಕೆಳಗೆ 27.8, ಈ ವ್ಯತ್ಯಾಸ ಇದ್ದೇ ಇರುತ್ತೆ, ಅದಕ್ಕೆ ಅಮ್ಮ ಹಿಂದೆ ಬಿದ್ದ ಹುಳಾನೆಲ್ಲ ಮೇಲಿನ ಅಂತಸ್ತಿಗೆ ಹಾಕ್ತಾರೆ, ಶಾಖಕ್ಕೆ ಬೇಗ ಬೆಳೆದು ಉಳಿದಿದ್ದರ ಜೊತೆ ಹಣ್ಣಾಗುತ್ತೆ ಅಂತ. ಇದು ಯಾವ ಸೆನ್ಸರೂ ಹೇಳಿಕೊಡದೇ ಇರೋ ಲೆಕ್ಕ.

34ರಿಂದ 28.6. ಇದರಲ್ಲಿ ಅರ್ಧಕ್ಕಿಂತ ಸ್ವಲ್ಪ ಕಮ್ಮಿ ಛಾವಣೀದು, ಉಳಿದಿದ್ದು ನೀರಿಂದು. ಪುಸ್ತಕದ ಪ್ರಕಾರ ಇನ್ನೂ ಮೂರು ಡಿಗ್ರಿ ಜಾಸ್ತೀನೇ, ಒಪ್ಕೋತೀನಿ. ಆದ್ರೆ ಹುಳ ಮಧ್ಯಾಹ್ನದ ಸೊಪ್ಪು ತಿಂತು, ಅಂಚಿಗೆ ಬರಲಿಲ್ಲ, ಚಂದ್ರಿಕೆಗೆ (ಹುಳ ಗೂಡು ಕಟ್ಟೋ ಬಿದಿರಿನ ತಟ್ಟೆ) ಹಾಕಿದಾಗ ಉದುರಿದ್ದು ಕಮ್ಮಿ. ಬಿಳಿ ಗೂಡು ಮಾರ್ಕೆಟ್ಟಿಗೆ ಹೋಯ್ತು, ಆ ತಿಂಗಳು ಅದು ನಮಗೆ ದೊಡ್ಡ ವಿಷಯ.

ಕೆಲವರು ನೋಡೋಕೆ ಬಂದೋರು ಕೇಳೋ ಪ್ರಶ್ನೆ, ಡ್ರಿಪ್ ಯಾಕೆ, ನೀರನ್ನ ವಾಪಸ್ ಬಾವಿಗೇ ಬಿಟ್ರೆ ಆಯ್ತಲ್ಲ, ತಿರುಗಿಸ್ತಾ ಇದ್ರೆ ನೀರೂ ಖರ್ಚಾಗಲ್ಲ ಅಂತ. ಅದಕ್ಕೂ ಲೆಕ್ಕ ಹಾಕಿದೀನಿ. ಬಾವೀಲಿ 20 ಅಡಿ ನೀರಿದ್ರೆ ಸುಮಾರು ಒಂದು ಲಕ್ಷ ಲೀಟರ್. ದಿನಾ ಐದು ಗಂಟೆ 3.2 ಕಿಲೋವ್ಯಾಟ್ ಶಾಖ ಅದಕ್ಕೇ ಸುರಿದ್ರೆ ದಿನಕ್ಕೆ 0.14 ಡಿಗ್ರಿ ಏರುತ್ತೆ. ಕೇಳೋಕೆ ಚಿಕ್ಕದು, 25 ದಿನ ಓಡಿಸಿದ್ರೆ ಮೂರೂವರೆ ಡಿಗ್ರಿ, ಸುತ್ತಲ ಮಣ್ಣು ಕಲ್ಲು ಸ್ವಲ್ಪ ಎಳ್ಕೊಂಡ್ರೂ ಬಂಡವಾಳ ಕರಗಿರುತ್ತೆ. ತೋಟಕ್ಕೆ ಹೋದ್ರೆ ಶಾಖ ನೀರಿನ ಜೊತೆ ಆಚೆ ಹೋಯ್ತು, ಬಾವಿಗೆ ಊಟೆಯಿಂದ ಹೊಸ ತಣ್ಣನೆ ನೀರು ಬಂತು. ಇನ್ನು ಬರೀ ತಂಪಿಗೆ ಅಂತ ನೀರೆತ್ತಿ ಚರಂಡಿಗೆ ಬಿಡೋ ಯೋಚನೆ ಇದ್ರೆ ದಯವಿಟ್ಟು ಮಾಡ್ಬೇಡಿ, ಚಿಕ್ಕಬಳ್ಳಾಪುರ ಜಿಲ್ಲೆ ಅಂತರ್ಜಲದ ಸ್ಥಿತಿ ಎಲ್ರಿಗೂ ಗೊತ್ತಿರೋದೇ, ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ಎಚ್.ಎನ್. ವ್ಯಾಲಿ (ಹೆಬ್ಬಾಳ-ನಾಗವಾರ) ಯೋಜನೆ ಪೈಪಲ್ಲಿ ತಂದು ಕೆರೆ ತುಂಬಿಸೋ ಜಿಲ್ಲೆ ಇದು.

ಬೆಳೆ ಮುಗಿದ ಮೇಲಿನ ಒಂದು ವಿಷಯ. ಪ್ರತಿ ಬೆಳೆ ಆದ್ಮೇಲೆ ಮನೆಗೆ ಬ್ಲೀಚಿಂಗ್ ಪೌಡರ್ ದ್ರಾವಣ ಹೊಡೀತೀವಿ, ನೂರಕ್ಕೆ ಎರಡರ ಲೆಕ್ಕದಲ್ಲಿ, ಸುಣ್ಣದ ತಿಳಿ ಸೇರಿಸಿ. ಅದು ಅಲ್ಯೂಮಿನಿಯಂ ಫಿನ್ ಮೇಲೆ ಬಿದ್ರೆ ಬಿಳಿ ಪುಡಿ ಬಂದು ಉದುರೋಕೆ ಶುರುವಾಗುತ್ತೆ. ಹಂಗಂತ ರೇಡಿಯೇಟರ್‌ಗೆ ಸೋಂಕು ನಿವಾರಣೆ ಬೇಡ ಅಂತಲ್ಲ, ಫಿನ್ ಸಂದೀಲಿ ಹುಳದ ಧೂಳು ಕೂತಿರುತ್ತೆ, ಸುಣ್ಣಕಟ್ಟಿನ ಬೀಜಾಣುಗೆ ಅದಕ್ಕಿಂತ ಒಳ್ಳೆ ಮನೆ ಇಲ್ಲ. ನಾನು ಮಾಡಿರೋದು, ಬೋಲ್ಟ್ ಬದಲು ಕೊಕ್ಕೆಗೆ ತಗುಲಿಸಿದೀನಿ, ಯೂನಿಯನ್ ಬಿಚ್ಚಿ ಇಳಿಸಿ, ಹೊರಗೆ ತಂದು ಸೋಪು ನೀರಲ್ಲಿ ತೊಳೆದು, ಕುದಿಯೋ ನೀರು ಫಿನ್ ಮೇಲೆ ಸುರಿದು ಎರಡು ದಿನ ಬಿಸಿಲಲ್ಲಿ ಒಣಗಿಸಿ ವಾಪಸ್ ಹಾಕೋದು. ಇಬ್ರಿದ್ರೆ ಅರ್ಧ ಗಂಟೆ ಕೆಲಸ. ಡ್ರಿಪ್ಪಿನ ಡಿಸ್ಕ್ ಫಿಲ್ಟರ್ ಕೆಳಗಿನ ತೊಟ್ಟಿ ಆದ್ಮೇಲಿದೆ, ಇನ್ನೊಂದು ಚಿಕ್ಕ ಜಾಲರಿ ಮೇಲಿನ ತೊಟ್ಟಿ ಬಾಯಿಗೂ ಹಾಕ್ಬೇಕು, ಬಾವಿ ಪಾಚಿ ಕೊಳವೇಲಿ ಸೇರಿದ್ರೆ ಕೀಳೋದು ಕಷ್ಟ.

ಚಾಕಿ ಹೊತ್ತಲ್ಲಿ ಇದನ್ನ ಓಡಿಸಬಾರದು ಅಂತ ಗೊತ್ತಿರಲಿ. 27 ಡಿಗ್ರಿ, ತೇವಾಂಶ 90 ಇದ್ರೆ ಗಾಳೀಲಿರೋ ನೀರು 25 ಡಿಗ್ರಿ ಮೇಲ್ಮೈ ಸಿಕ್ಕಿದ ತಕ್ಷಣ ಬೆವರಿಳಿಯುತ್ತೆ, ಪೈಪಿಂದ ಹನಿ ಹನಿ ತಟ್ಟೆ ಮೇಲೆ ಬೀಳುತ್ತೆ. ದೊಡ್ಡ ಹುಳದ ಹೊತ್ತಲ್ಲಿ ಒಳಗೆ ತೇವ ಕಮ್ಮಿ, ಆಗ ಈ ತೊಂದರೆ ಇಲ್ಲ, ಮಳೆ ಬಿದ್ದ ದಿನಾನೂ ನಮ್ಮ ಪೈಪು ಒಣಗೇ ಇತ್ತು. ಮೇ ತಿಂಗಳ ಆ ಮಳೆ ದಿನಗಳಲ್ಲೇ ಕೂಲರ್‌ಗಿಂತ ಇದು ವಾಸಿ ಅಂತ ಗಟ್ಟಿಯಾಗಿದ್ದು.

ಲೆಕ್ಕ ಇಲ್ಲದೇ ಸಿಕ್ಕಿದ್ದು ಚಳಿಗಾಲದಲ್ಲಿ. ಡಿಸೆಂಬರ್ ರಾತ್ರಿ ನಮ್ಮ ಕಡೆ 14ರ ತನಕ ಇಳಿಯುತ್ತೆ, ಹುಳು ಮನೆ 18ಕ್ಕೆ ಬರುತ್ತೆ, ಹುಳ ಸೊಪ್ಪು ತಿನ್ನೋದು ನಿಧಾನ ಆಗಿ ಬೆಳೆ ನಾಲ್ಕೈದು ದಿನ ಎಳೆಯುತ್ತೆ. ಊರಲ್ಲೆಲ್ಲ ಇದ್ದಿಲ ಒಲೆ ಇಡ್ತಾರೆ, ಹೊಗೆ, ಉಸಿರು ಕಟ್ಟೋದು, ಬೆಂಕಿ ಭಯ. ಬಾವಿ ನೀರು ಆಗಲೂ ಅದೇ 25. ರಾತ್ರಿ ಅದೇ ವಾಲ್ವ್ ತಿರುಗಿಸಿ ಅದೇ ಫ್ಯಾನ್ ಹಾಕಿದ್ರೆ ರೂಮು 22ರ ಹತ್ರ ನಿಲ್ಲುತ್ತೆ. ಆದ್ರೆ ಚಳಿಗಾಲದಲ್ಲಿ ತೋಟಕ್ಕೆ ಅಷ್ಟು ನೀರು ಬೇಡ, ಹಾಗಾಗಿ ಆಗ ಮಾತ್ರ ನೀರನ್ನ ವಾಪಸ್ ಬಾವಿಗೇ ಬಿಡ್ತೀನಿ, ಬಾವಿ ಸ್ವಲ್ಪ ತಣ್ಣಗಾದ್ರೆ ಬೇಸಿಗೆಗೆ ಲಾಭಾನೇ, ಎಷ್ಟು ಉಳಿಯುತ್ತೆ ಅಂತ ಮಾರ್ಚಲ್ಲಿ ಸೆನ್ಸರ್ ಇಳಿಬಿಟ್ಟಾಗ ಗೊತ್ತಾಗುತ್ತೆ. ಪಕ್ಕದ ಚಿಕ್ಕ ಚಾಕಿ ರೂಮಿಗೂ ಚಳಿಗಾಲಕ್ಕೆ ಅಂತ ಒಂದು ಕವಲು ಎಳೀಬೇಕು, ಅಲ್ಲಿಗೆ ಕಾರ್ ರೇಡಿಯೇಟರ್ ಸಾಕು, ಗುಜರಿಯವರಿಗೆ ಹೇಳಿಟ್ಟಿದೀನಿ.